ಗಿಳಿಯ ಕೊಕ್ಕಿಗೆ ಕೆಂಚಮ್ಮ ಬೆರಳು ಮುಟ್ಟಿಸಿದ್ದು

ನಿನ್ನೆ ನೀನು ಗಿಳಿಯ ಚಿತ್ರ ಬರೆದೆ. ಮರಕ್ಕೂ ಹಸಿರು, ಗಿಳಿಗೂ ಹಸಿರು, ಕೊಕ್ಕಿಗೂ ಹಸಿರು. ಆಮೇಲೆ "ಅಜ್ಜೀ, ನನ್ನ ಗಿಳಿ ಕಾಣ್ತಾನೇ ಇಲ್ಲ" ಅಂತ ಮುಖ ಊದಿಸಿಕೊಂಡೆ. ಬೇಜಾರು ಮಾಡಿಕೊಳ್ಳಬೇಡ ಕೂಸೇ. ನಿನಗಿಂತ ಮೊದಲೇ ಇಬ್ಬರು ಜಾಣೆಯರು ಇದೇ ತಪ್ಪು ಮಾಡಿದ್ದರು.

ಲೋಕ ಆಗ ಇನ್ನೂ ತೊಟ್ಟಿಲಲ್ಲಿತ್ತು. ಮರ, ಗುಡ್ಡ, ಹಕ್ಕಿ, ಹೂವು ಎಲ್ಲಕ್ಕೂ ಗಂಜಿಯ ಬಣ್ಣ. ಅದನ್ನೆಲ್ಲ ಬಣ್ಣದಲ್ಲಿ ಅದ್ದುವ ಕೆಲಸ ಮೂವರು ಅಕ್ಕತಂಗಿಯರದು. ದೊಡ್ಡವಳು ಕೆಂಚಮ್ಮ, ಅವಳ ಬಾನಿಯ ತುಂಬ ಕೆಂಪು. ನಡುವಿನವಳು ಹೊನ್ನಮ್ಮ, ಅವಳ ಬಾನಿಯಲ್ಲಿ ಹಳದಿ. ಚಿಕ್ಕವಳು ನೀಲಮ್ಮ, ಅವಳದು ನೀಲಿ.

ಮೂರೇ ಬಾನಿ, ಆದರೆ ಬಣ್ಣಕ್ಕೇನೂ ಕೊರತೆ ಇರಲಿಲ್ಲ. ಕೆಂಚಮ್ಮ ಒಂದು ಸೌಟು, ಹೊನ್ನಮ್ಮ ಒಂದು ಸೌಟು ಹಾಕಿದರೆ ಕಿತ್ತಳೆಹಣ್ಣಿಗೆ ಬಣ್ಣ ಸಿದ್ಧ. ಕೆಂಚಮ್ಮ ಮತ್ತು ನೀಲಮ್ಮ ಸೇರಿದರೆ ನೇರಳೆಹಣ್ಣಿಗೆ ಸಿದ್ಧ.

ಕಾಡಿನ ಸರದಿ ಬಂತು. ಹೊನ್ನಮ್ಮ ತಂಗಿಯ ಕಿವಿಯಲ್ಲಿ, "ಅಕ್ಕನ್ನ ಕರೆಯೋದು ಬೇಡ ಕಣೇ. ಅವಳು ಒಂದು ಹನಿ ಹಾಕಿದ್ರೂ ಎಲ್ಲಾ ಅವಳದೇ ಆಗುತ್ತೆ" ಅಂದಳು. ಇಬ್ಬರೇ ಕೂತು ಒಂದೊಂದು ಎಲೆಯನ್ನೂ ಮೊದಲು ಹಳದಿಯಲ್ಲಿ, ಆಮೇಲೆ ನೀಲಿಯಲ್ಲಿ ಅದ್ದಿದರು. ಕಾಡೆಲ್ಲ ಹಸಿರಾಯಿತು.

ಕೆಂಚಮ್ಮ ಬಂದು ನೋಡಿದಳು. ಅಷ್ಟು ದೊಡ್ಡ ಕಾಡಿನಲ್ಲಿ ತನ್ನದು ಒಂದು ಹನಿಯೂ ಇಲ್ಲ. ಅವಳು ಜಗಳ ಆಡಲಿಲ್ಲ. ಬಾನಿಗೆ ಮುಚ್ಚಳ ಹಾಕಿ, ತಂಗಿಯರಿಗೆ ಬೆನ್ನು ಮಾಡಿ ಕೂತಳು. ತುಂಬ ನೊಂದಿದ್ದಳು ಪಾಪ.

ಆ ಕಾಡಿನಲ್ಲಿ ಒಂದು ತಾಯಿ ಗಿಳಿ ಇತ್ತು. ಗಿಡುಗನ ಕಣ್ಣಿಗೆ ಬೀಳಬಾರದೆಂದು ಅದೂ ತಲೆಯಿಂದ ಬಾಲದವರೆಗೆ ಹಸಿರಲ್ಲಿ ಅದ್ದಿಸಿಕೊಂಡಿತು. ಗಿಡುಗನಿಗೇನೋ ಕಾಣಲಿಲ್ಲ. ಆದರೆ ತನ್ನ ಮರಿಗೂ ಕಾಣಲಿಲ್ಲ.

ಪೊಟರೆಯ ಬಾಯಲ್ಲಿ ಕೂತ ಮರಿ ಎಲೆ ಅಲುಗಿದರೆ ಅವ್ವ ಬಂದಳೆಂದು ಬಾಯಿ ತೆರೆಯುತ್ತಿತ್ತು. ಅವ್ವನೇ ಬಂದರೆ ಎಲೆ ಎಂದುಕೊಂಡು ಬಾಯಿ ಮುಚ್ಚುತ್ತಿತ್ತು. ಕೂಗಿ ಹೇಳೋಣವೆಂದರೆ ತಾಯಿಯ ಬಾಯಿ ತುಂಬ ಕಾಳು. ಮರಿ ದಿನದಿನಕ್ಕೆ ಸೊರಗಿತು.

ಗಿಳಿ ಅಳುತ್ತಾ ತಂಗಿಯರ ಬಳಿ ಹೋಯಿತು. "ಅಷ್ಟೇ ತಾನೇ?" ಎಂದು ಹೊನ್ನಮ್ಮ ಅದರ ಕೊಕ್ಕಿಗೆ ಹಳದಿ ಹಚ್ಚಿದಳು. ಮರಿ ನೋಡಿತು. ಹಣ್ಣೆಲೆ ಅಂದುಕೊಂಡಿತು.

ಅದನ್ನು ತೊಳೆದು ನೀಲಮ್ಮ ನೀಲಿ ಹಚ್ಚಿದಳು. ಮರಿ ನೋಡಿತು. ಎಲೆಯ ನೆರಳು ಅಂದುಕೊಂಡಿತು.

"ಎಲ್ಲಾ ಸೇರಿಸಿದ್ರೆ ಎಲ್ಲಕ್ಕಿಂತ ಚೆನ್ನಾಗಿರುತ್ತೆ" ಎಂದು ಇಬ್ಬರೂ ಅಕ್ಕನ ಬಾನಿಯಿಂದ ಕೇಳದೆ ಒಂದು ಸೌಟು ತಂದು, ಮೂರೂ ಬಣ್ಣ ಕಲಸಿದರು. ಕಲಸಿ ಕಲಸಿ ಕೆಸರಾಯಿತು. ಅದನ್ನೇ ಹಚ್ಚಿದರು. ಮರಿ ನೋಡಿತು. ಒಣಕಡ್ಡಿ ಅಂದುಕೊಂಡಿತು. ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದರು. ನೆಲದ ಮಣ್ಣು ಆವತ್ತಿನಿಂದ ಹಾಗೇ ಇದೆ.

ಮರಿಗೆ ಈಗ ಕತ್ತು ಎತ್ತಲೂ ಶಕ್ತಿ ಇರಲಿಲ್ಲ. ಗಾಳಿ ಗಿಳಿಯ ಬಳಿ ಸುಳಿದು, "ಇನ್ನೊಂದು ಬಾನಿ ಇದೆಯಲ್ಲೇ" ಎಂದಿತು. ಗಿಳಿ ಕೊಕ್ಕು ತೊಳೆದುಕೊಂಡು ಕೆಂಚಮ್ಮನ ಮುಂದೆ ಹೋಗಿ ಕೂತಿತು.

"ಆ ಕಾಡಲ್ಲಿ ನನ್ನದೇನೂ ಇಲ್ಲ. ನನ್ನನ್ಯಾಕೆ ಕೇಳ್ತೀಯ?" ಅಂದಳು ಕೆಂಚಮ್ಮ.

"ಅದಕ್ಕೇ ಕೇಳ್ತಿದೀನಿ ಅಕ್ಕಾ. ಹಳದಿ ಹಚ್ಚಿಕೊಂಡ್ರೆ ಎಲೆಯೊಳಗಿನ ಹಳದಿ ಬಾ ಅಂತ ಸೇರಿಸ್ಕೊಳ್ಳುತ್ತೆ. ನೀಲಿನೂ ಅಷ್ಟೇ. ಅವರೆಲ್ಲಾ ನೆಂಟರು. ನೀವೊಬ್ಬರೇ ಅಲ್ಲಿ ಇಲ್ಲದವರು. ನನ್ನ ಮರಿಗೆ ಕಾಣೋದು ನೀವೊಬ್ಬರೇ."

ಕೆಂಚಮ್ಮನ ಕಣ್ಣು ತುಂಬಿತು. ಇಲ್ಲದವಳು ಎಂದು ಅಷ್ಟು ದಿನ ಅತ್ತಿದ್ದಳು. ಅದಕ್ಕಾಗಿಯೇ ಒಬ್ಬರು ತನ್ನನ್ನು ಹುಡುಕಿಕೊಂಡು ಬರುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆದಳು.

"ಪೂರ್ತಿ ಅದ್ದಿ ಅಕ್ಕಾ" ಅಂದಿತು ಗಿಳಿ.

"ಬೇಡ. ಮೈಯೆಲ್ಲ ಕೆಂಪಾದ್ರೆ ಗಿಡುಗ ಬಿಡೋದಿಲ್ಲ. ಕೂಸಿಗೆ ಕಾಣೋವಷ್ಟು ಸಾಕು" ಎಂದು ಕೆಂಚಮ್ಮ ಸೌಟನ್ನೂ ಮುಟ್ಟದೆ, ಬೆರಳ ತುದಿ ಅದ್ದಿ ಅದರ ಕೊಕ್ಕಿಗೆ ಮಾತ್ರ ಸವರಿದಳು.

ಗಿಳಿ ಹಾರಿ ಪೊಟರೆಯ ಎದುರಿನ ಕೊಂಬೆಯಲ್ಲಿ ಕೂತಿತು. ಅಷ್ಟು ಹಸಿರಿನ ನಡುವೆ ಕೆಂಪು ಒಂದೇ ಒಂದು ಕಡೆ. ಮರಿ ಕತ್ತು ಎತ್ತಿತು, "ಅವ್ವಾ" ಎಂದು ಬಾಯಿ ತೆರೆಯಿತು. ಆಹಾ, ಆ ತಾಯಿ ಎಷ್ಟು ಕಾಳು ತಿನ್ನಿಸಿತೋ.

ತಂಗಿಯರು ತಲೆ ತಗ್ಗಿಸಿಕೊಂಡು ಬಂದರು. "ತಪ್ಪಾಯ್ತು ಅಕ್ಕಾ. ನೀನು ಪಕ್ಕದಲ್ಲಿ ಬಂದ ಮೇಲೆ ನಮ್ಮ ಹಸಿರೂ ಇನ್ನಷ್ಟು ಹಸಿರಾಗಿ ಕಾಣ್ತಿದೆ. ಬಾ, ಕಾಡಿಗೆ ನಿನ್ನದೂ ಬೆರೆಸೋಣ" ಅಂದರು.

"ಬೆರೆಸಿದ್ರೆ ಏನಾಗುತ್ತೆ ಅಂತ ಅಂಗಳ ನೋಡಿ. ಪಕ್ಕದಲ್ಲಿ ಇಡೋಣ ಬನ್ನಿ" ಎಂದು ಕೆಂಚಮ್ಮ ನಕ್ಕಳು. ಮೂವರೂ ಸೇರಿ ಹೊರಟರು. ದಾಸವಾಳಕ್ಕೆ ಒಂದು ಬೆರಳು, ದಾಳಿಂಬೆಯ ಹೂವಿಗೆ ಒಂದು ಬೆರಳು, ಗಿಡದಲ್ಲೇ ಹಣ್ಣಾದ ಮೆಣಸಿನಕಾಯಿಗೆ ಒಂದು ಬೆರಳು.

ಅದಕ್ಕೇ ಕೂಸೇ, ಇವತ್ತಿಗೂ ನಮ್ಮ ಸೀಬೆಮರಕ್ಕೆ ಗಿಳಿ ಬಂದಾಗ ಎಲೆಯ ನಡುವೆ ನಿನಗೆ ಮೊದಲು ಕಾಣುವುದು ಆ ಕೆಂಪು ಕೊಕ್ಕು, ಪೊಟರೆಯಲ್ಲಿ ಹಸಿದು ಕೂತ ಮರಿಗೂ ಮೊದಲು ಕಾಣುವುದು ಅದೇ.