ಬಾಣಲೆಯ ಮಾನ ಮುಚ್ಚದ ಮೀನು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಿದವರು ಎದ್ದು ಹೋಗಬಹುದು, ಒಂದು ಕೆರೆಗೆ ಚಳಿ ಹಿಡಿಯಿತು. ಕಂಬಳಿ ಹೊದಿಸುವವರಿಲ್ಲದೆ ಅದು ಮಂಜುಗಡ್ಡೆಯನ್ನೇ ಹೊದ್ದು ಮಲಗಿತು. ಬೆಸ್ತರ ಜವರ ಅದರ ಮೇಲೆ ಕೂತು ಒಂದು ತೂತು ಕೊರೆದ. ಗಾಳಕ್ಕೆ ಚೂರು ರಾಗಿಮುದ್ದೆ ಸಿಕ್ಕಿಸಿ ಇಳಿಬಿಟ್ಟ. ಮನೆಯಲ್ಲಿ ಮಗಳು ನಿಂಗಿ ಹಸಿದಿದ್ದಳು. ಚೋಟುದ್ದದ ಮೀನೊಂದು ಸಿಕ್ಕಿತು. ಅವಳಿಗೆ ಅಷ್ಟು ಸಾಕಾಗಿತ್ತು.

ಆದರೆ ಆ ಊರಿನ ರಾಜನ ಹತ್ತಿರ ಒಂದು ಬಾಣಲೆ ಇತ್ತು. ಮಾತಾಡುವ ಬಾಣಲೆ. ಹಿಡಿದ ಮೀನೆಲ್ಲ ಮೊದಲು ಅದರಲ್ಲಿ ಮಲಗಿ ಅಳತೆ ಕೊಡಬೇಕು. ಬಾಲ ಅಂಚು ದಾಟಿದರೆ ಮೀನು, ದಾಟದಿದ್ದರೆ ಅದು ಮೀನೇ ಅಲ್ಲ.

“ಥೂ, ಇದು ನನ್ನ ಮಾನ ಮುಚ್ಚಲ್ಲ,” ಅಂದಿತು ಬಾಣಲೆ.

“ವಾಪಸ್ ಬಿಡು,” ಅಂದ ರಾಜ. “ದೊಡ್ಡದಾಗಿ ಬರಲಿ.”

“ನನ್ ಮಗೀಗೆ ಇಷ್ಟೇ ಸಾಕು ಬುದ್ಧೀ.”

“ಅವಳಿಗೆ ಸಾಕು ಕಣೋ. ಬಾಣಲೆಗೆ ಸಾಕಾಗಬೇಡವೇ?”

ನ್ಯಾಯದ ಮಾತೇ. ಬಾಣಲೆಗೆ ಮಾನ ಇದೆ, ಹಸಿವಿಗೆ ಎಲ್ಲಿಯ ಮಾನ? ಜವರ ಮೀನನ್ನು ತೂತಿನೊಳಕ್ಕೆ ಬಿಟ್ಟ.

ಮೀನು ತಲೆ ಹೊರಗೆ ಹಾಕಿ ಕೇಳಿತು: “ದೊಡ್ಡದಾಗೋಕೆ ನಾನೇನ್ ತಿನ್ಲಿ?”

ಅದೂ ನ್ಯಾಯದ ಮಾತೇ. ಮಂತ್ರಿ ಕೂಡಲೇ ಡಂಗುರ ಹೊಡೆಸಿದ: ಊರಿನ ಮುದ್ದೆಯೆಲ್ಲ ತೂತಿಗೆ! ಜನ ಮುದ್ದೆ ಹಾಕಿದರು, ಮೀನು ತಿಂದಿತು. ಜನ ಸಣ್ಣಗಾದರು, ಮೀನು ದಪ್ಪಗಾಯಿತು. ದಪ್ಪ ಮೀನಿಗೆ ತೂತು ಸಾಲದು ಅಂತ ತೂತನ್ನೂ ದಪ್ಪ ಮಾಡಿದರು. ಮತ್ತೆ ಅಳತೆ. “ಸಾಲದು,” ಅಂದಿತು ಬಾಣಲೆ. ಮತ್ತೆ ಮುದ್ದೆ, ಮತ್ತೆ ತೂತು. ಕೊನೆಗೆ ಕೆರೆಯೇ ಒಂದು ತೂತಾಗಿ, ಜವರ ಕೂರುವಷ್ಟು ಮಂಜುಗಡ್ಡೆ ಮಾತ್ರ ಉಳಿಯಿತು.

ನಿಂಗಿ ದಿನಾ ಕೇಳುವಳು, “ಅಪ್ಪಾ, ಮೀನ್ ಸಿಕ್ತಾ?”

“ಸಿಕ್ತು ಮಗಾ. ಬೆಳೀಲಿ ಅಂತ ಬಿಟ್ ಬಂದೆ.”

ನಗಬೇಡಿ. ಹೇಳುವ ನನಗೇ ಹೊಟ್ಟೆ ಉರಿಯುತ್ತಿದೆ.

ಅಂತೂ ಮೀನು ಎಮ್ಮೆಯಷ್ಟಾಯಿತು. ಬಾಲ ಅಂಚು ದಾಟಿ ಅರಮನೆಯ ನೆಲ ಗುಡಿಸಿತು. ಬಾಣಲೆ ಖುಷಿಯಿಂದ ಎಣ್ಣೆ ಕೇಳಿತು. ರಾಜ ಎಲೆ ಹಾಕಿಸಿದ. ವಾಸನೆಗೆ ಊರೆಲ್ಲ ಎದ್ದು ಕೂತಿತು.

ನಿಂಗಿ ಅಷ್ಟರಲ್ಲಿ ಸೊರಗಿ ಸೊರಗಿ ಚೋಟುದ್ದವಾಗಿದ್ದಳು. ಜವರ ಅವಳನ್ನು ಟವಲಿನಲ್ಲಿ ಸುತ್ತಿಕೊಂಡು ಓಡಿದ.

“ಒಂದೇ ಒಂದು ತುಂಡು ಬುದ್ಧೀ, ಮಗೀಗೆ.”

“ಉಣ್ಣುವವರಿಗೂ ಅಳತೆ ಉಂಟು,” ಅಂದ ಮಂತ್ರಿ. ನಿಂಗಿಯನ್ನು ಬಾಣಲೆಯ ಪಕ್ಕ ಮಲಗಿಸಿದ. ಬಾಣಲೆ ಓರೆಗಣ್ಣಲ್ಲಿ ನೋಡಿ ಮುಖ ತಿರುಗಿಸಿತು.

“ವಾಪಸ್ ಬಿಡು,” ಅಂದ ರಾಜ, ಬಾಯಿ ಒರೆಸಿಕೊಳ್ಳುತ್ತಾ. “ದೊಡ್ಡವಳಾಗಿ ಬರಲಿ.”

ನಿಂಗಿ ಟವಲಿನಿಂದ ತಲೆ ಹೊರಗೆ ಹಾಕಿ ಕೇಳಿದಳು: “ದೊಡ್ಡೋಳಾಗೋಕೆ ನಾನೇನ್ ತಿನ್ಲಿ?”

ಮೀನು ಕೇಳಿದಾಗ ಡಂಗುರ ಹೊಡೆಸಿದ್ದರು. ಈಗ ರಾಜ ತೇಗಿದ.

ನೀತಿ ಬೇಕೇ? ತಗೊಳ್ಳಿ: ಹುಟ್ಟುವುದಾದರೆ ಮೀನಾಗಿ ಹುಟ್ಟಿ, ತಿನ್ನುವ ಮೊದಲಾದರೂ ಉಣ್ಣಲು ಹಾಕುತ್ತಾರೆ. ಮೀನು ಅವರ ಹೊಟ್ಟೆಗೆ ಹೋಯಿತು, ಮುಳ್ಳು ನನ್ನ ಗಂಟಲಲ್ಲಿ ಉಳಿಯಿತು, ಕತೆ ಇಲ್ಲಿಗೆ ನಿಂತಿತು.