ತೋಪಿನವರಿಗೆ ಬೀಗರೂಟ

"ಇನ್ನು ಮೇಲೆ ನನ್ನ ಸೀಮೆಯಲ್ಲಿ ಈಟಿ, ಕತ್ತಿ, ಕವಣೆ, ಯಾವುದೂ ಯಾರ ಮನೆಯಲ್ಲೂ ಇರಕೂಡದು!" ಅಂತ ಕೋಡಿಗುಡ್ಡದ ದೊರೆ ಮಲ್ಲಪ್ಪನಾಯಕ ಮೀಸೆ ತೀಡಿದ.

ತೀಡೋಕೆ ಕಾರಣವಿತ್ತು. ಸಮುದ್ರದಾಚೆಯ ವ್ಯಾಪಾರಿಯೊಬ್ಬ ಅವನಿಗೊಂದು ತೋಪು ಮಾರಿ ಹೋಗಿದ್ದ. ಅದರ ಬಾಯೊಳಗೆ ಎಮ್ಮೆಕರು ಆರಾಮಾಗಿ ಮಲಗಬಹುದಿತ್ತು. ಒಂದು ಸಲ ಮಲಗಿಯೂ ಇತ್ತು. ಹೊರಗೆಳೆಯೋಕೆ ಅರ್ಧ ಸೈನ್ಯ ಬೇಕಾಯಿತು.

ಎಲ್ಲ ಊರಿನವರೂ ಹೆದರಿ ಆಯುಧ ತಂದೊಪ್ಪಿಸಿದರು. ಕವಲೇಹಟ್ಟಿಯವರು ಮಾತ್ರ, "ಹೊಲಕ್ಕೆ ಹಂದಿ ನುಗ್ಗಿದರೆ ದೊರೆ ಬಂದು ಓಡಿಸ್ತಾರಾ? ಕೊಡಲ್ಲ" ಅಂತ ಹೇಳಿಕಳಿಸಿದರು.

"ನೋಡಿದಿರಾ ಕೊಬ್ಬು!" ದೊರೆ ಕುಣಿದಾಡಿದ. "ಕವಣೆ ಬೀಸಿ ನನ್ನ ತೋಪನ್ನ ತಡೀತಾರಂತೆ! ಒಂದೇ ಗುಂಡು, ಊರಿದ್ದ ಕಡೆ ಕೆರೆ!"

ಆಸ್ಥಾನವೆಲ್ಲ ಹೌದು ಹೌದು ಅಂದಿತು. ದೊರೆಗೆ ಇಲ್ಲ ಅನ್ನೋ ಎದೆ ಇದ್ದವನು ಮಂತ್ರಿ ಸಿಂಗಾರಯ್ಯನೊಬ್ಬನೇ. ಹೊಲದಿಂದ ಹಂದಿ ಓಡಿಸೋ ಜನರನ್ನ ಹೀಗೆ ಸುಡೋದಾ ಅಂತ ಅವನು ಮುಂದೆ ಬಂದ.

"ಊರು ಉಳಿಯುತ್ತೆ ಪ್ರಭು," ಅಂದ.

"ಉಳಿದರೆ ಅವರ ಆಯುಧ ಅವರಿಗೇ. ಉಳಿಯದಿದ್ದರೆ ಎರಡನೇ ಗುಂಡು ನೀನು! ನಿನ್ನನ್ನೇ ತುಂಬಿ ಹಾರಿಸ್ತೀನಿ."

"ಆಗಲಿ. ತೋಪಿನ ಆಳುಗಳನ್ನ ಮಾತ್ರ ನಾನೇ ಆರಿಸ್ತೀನಿ. ನನ್ನನ್ನ ಹಾರಿಸೋರು ಗಟ್ಟಿಮುಟ್ಟಾಗಿರಲಿ ಅಂತ ಆಸೆ."

ಸಿಂಗಾರಯ್ಯ ಆರಿಸಿ ನಿಲ್ಲಿಸಿದವರ ತೋಳು ನೋಡಿ ದೊರೆ ಭಲೇ ಅಂದ. ತೋಳು ನೋಡಿದನೇ ಹೊರತು, ಯಾವೂರಿಂದ ಹೆಣ್ಣು ತಂದಿದ್ದೀರಿ ಅಂತ ಕೇಳಲಿಲ್ಲ.

ತೋಪು ಕವಲೇಹಟ್ಟಿಯ ಮುಂದೆ ಬಂದು ನಿಂತಿತು. ಊರಬಾಗಿಲ ಮೇಲೆ ಗಂಡಸರು ಕವಣೆ ಹಿಡಿದು ಸಾಲಾಗಿ ನಿಂತಿದ್ದರು. ಸಿಂಗಾರಯ್ಯ ತೋಪಿನ ಪಕ್ಕಕ್ಕೆ ಹೋಗಿ ನಿಂತ.

"ಹಚ್ಚೋ ಬೆಂಕಿ!" ದೊರೆ ಕೂಗಿದ.

ತೋಪಿನ ಮುಖ್ಯಸ್ಥ ಭರಮಣ್ಣ ಪಂಜು ಎತ್ತಿದ. ಇಳಿಸಿದ. "ಬುದ್ಧಿ, ಆ ಕೆಂಪು ಬಾಗಿಲು ನಮ್ಮತ್ತೆ ಮನೇದು. ಒಂಚೂರು ಎಡಕ್ಕೆ ತಿರುಗಿಸಲಾ?"

"ಎಡಕ್ಕೆ ನಮ್ಮ ಮಾವ ಅವ್ನೆ ಕಣೋ!" ಅಂತ ಹಿಂದಿನಿಂದ ಒಬ್ಬ.

"ಬಲಕ್ಕೆ ತಿರುಗಿಸಿ ನೋಡು, ಕೈ ಮುರೀತೀನಿ!" ಅಂತ ಮತ್ತೊಬ್ಬ.

ಅತ್ತ ಎಳೆದು ಇತ್ತ ಎಳೆದು, ತೋಪು ಕೊನೆಗೆ ಬಾಯಿ ಮೇಲೆ ಮಾಡಿಕೊಂಡು ಆಕಾಶ ನೋಡುತ್ತ ನಿಂತಿತು.

ಅಷ್ಟರಲ್ಲಿ ಊರಬಾಗಿಲು ತೆರೆಯಿತು. ಅಳಿಯಂದಿರು ಬರ್ತಾರೆ, ಬೇಳೆ ಬೇಯಿಸಿಡಿ ಅಂತ ಸಿಂಗಾರಯ್ಯ ಗೌಡತಿ ಕಾಳವ್ವನಿಗೆ ಮೊದಲೇ ಗುಟ್ಟಾಗಿ ಹೇಳಿಕಳಿಸಿದ್ದ.

"ಕವಣೆ ಇಳಿಸ್ರೋ, ಮೂದೇವಿಗಳಾ!" ಕಾಳವ್ವ ತನ್ನವರನ್ನೇ ಗದರಿದಳು. "ಊರ ಅಳಿಯಂದಿರು ಬಿಸಿಲಲ್ಲಿ ನಿಂತವ್ರೆ. ಕಾಲಿಗೆ ನೀರು ಕೊಡಿ!"

ಬೀಗರೂರಿನ ನೀರು ಕಾಲಿಗೆ ಬಿದ್ದ ಮೇಲೆ ಉಣ್ಣದೆ ಹೊರಡೋ ಹಾಗಿಲ್ಲ. ಸೈನ್ಯ ಸಾಲಾಗಿ ಎಲೆ ಮುಂದೆ ಕೂತಿತು. ಹೋಳಿಗೆ ಬಂತು.

ದೊರೆ ತಾನೇ ಪಂಜು ಕಿತ್ತುಕೊಂಡು ತೋಪಿಗೆ ಎರಡು ಸುತ್ತು ಬಂದ. "ಭರಮಾ! ಇದಕ್ಕೆ ಬೆಂಕಿ ಎಲ್ಲಿಡೋದೋ?"

"ಬಂದೆ ಬುದ್ಧಿ, ತುಪ್ಪ ಬಡಿಸ್ತಾವ್ರೆ!"

ದೊರೆ ಸಿಂಗಾರಯ್ಯನ ಮೇಲೆ ಎಗರಿದ. "ಮೋಸ! ನಾಳೆಯೇ ಸಮುದ್ರದಾಚೆಯಿಂದ ಆಳುಗಳನ್ನ ತರಿಸ್ತೀನಿ. ಈ ಸೀಮೆಯಲ್ಲಿ ಅತ್ತೆ ಇಲ್ಲ, ಮಾವ ಇಲ್ಲ, ಒಬ್ಬನೇ ಒಬ್ಬ ನೆಂಟ ಇಲ್ಲ, ಅಂಥವರನ್ನ! ಆಗೇನು ಮಾಡ್ತೀಯ?"

"ಅರಮನೆ ಬಿಟ್ಟು ಈ ಊರಲ್ಲಿ ಮನೆ ಮಾಡ್ತೀನಿ ಪ್ರಭು."

"ಯಾಕೆ?"

"ಅಂಥವರಿಗೆ ಅರಮನೆಯಲ್ಲೂ ನೆಂಟರಿರಲ್ಲವಲ್ಲ."

ದೊರೆ ತೋಪಿನ ಬಾಯಿ ಅರಮನೆ ಕಡೆ ತಿರುಗಿದಂತೆ ಊಹಿಸಿಕೊಂಡ. ಪಂಜನ್ನ ಕಾಲು ತೊಳೆಯೋ ನೀರಿನ ಹಂಡೆಗೆ ಅದ್ದಿದ, ಚೊಂಯ್ ಅಂತು. ಆಮೇಲೆ ನಗು ಶುರುವಾಗಿ, ಹೊಟ್ಟೆ ಹಿಡಿದುಕೊಳ್ಳೋ ಹಾಗಾಯಿತು.

"ಕವಣೆ ನೀವೇ ಇಟ್ಟುಕೊಳ್ಳಿ ಕಾಳವ್ವ," ಅಂದ. "ನನಗೂ ಒಂದೆಲೆ ಹಾಕಿಸು."