ಕಯಾಕ್ ಏರಿದ ಕೊಕ್ಕರೆ

ಜೀವಮಾನವಿಡೀ ಊರ ಕೆರೆಯಲ್ಲಿ ಒಂಟಿಕಾಲಲ್ಲಿ ನಿಂತು ಮೀನು ಹಿಡಿದ ಕೊಕ್ಕರೆ ನಾನು. ಗರಿ ಉದುರುವ ವಯಸ್ಸಿನಲ್ಲಿ ನನಗೆ ಸಮುದ್ರದ ಹುಚ್ಚು ಹಿಡಿಯಿತು. ಹೇಗೋ ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿ, ಒಂದು ಕಯಾಕ್ ಸಂಪಾದಿಸಿದೆ. ಬಲ್ಲವರು ಹೇಳಿಕೊಟ್ಟಂತೆ ಟೋಪಿ, ಗಾಳದ ಕೋಲು, ಬುತ್ತಿ, ಹುಟ್ಟು ಎಲ್ಲವನ್ನೂ ದಾರದಿಂದ ದೋಣಿಗೆ ಬಿಗಿದು ಅಲೆಗಿಳಿದೆ.

ದಡದಲ್ಲಿದ್ದ ಏಡಿ ಕೂಗಿ ಹೇಳಿತು: “ಅಜ್ಜಾ, ಇದರಲ್ಲಿ ಕೂತೇ ಮೀನು ಹಿಡೀಬೇಕು. ಏಳಬೇಡಿ.”

“ನಮ್ಮ ವಂಶದಲ್ಲಿ ಕೂತು ಮೀನು ಹಿಡಿದವರು ಯಾರೂ ಇಲ್ಲ,” ಎಂದು ಗತ್ತಿನಿಂದ ಎದ್ದು ನಿಂತೆ. ಅದೂ ಒಂಟಿಕಾಲಲ್ಲಿ.

ಮರುಕ್ಷಣವೇ ಕಯಾಕ್ ಮಗುಚಿತು. ಟೋಪಿ, ಕೋಲು, ಬುತ್ತಿ, ಹುಟ್ಟು ಎಲ್ಲವೂ ದೋಣಿಯ ಜೊತೆ ಭದ್ರವಾಗಿ ತೇಲುತ್ತಿದ್ದವು. ದಾರ ಕಟ್ಟಿಕೊಳ್ಳದೆ ಉಳಿದವನು ನಾನೊಬ್ಬನೇ. ಉಪ್ಪುನೀರು ಕುಡಿಯುತ್ತ, ಒದ್ದೆ ರೆಕ್ಕೆ ಬಡಿಯುತ್ತ ಅರಚಿದೆ: “ಮುಳುಗಿದೆ! ಸತ್ತೆ! ಯಾರಾದರೂ ಬನ್ನಿ!”

ಏಡಿ ಅವಸರವಿಲ್ಲದೆ ಅಡ್ಡಡ್ಡ ನಡೆದು ನೀರಂಚಿಗೆ ಬಂತು.

“ಅಜ್ಜಾ, ಅಲ್ಲಿ ನೀರು ನಿಮ್ಮ ಮೊಣಕಾಲಿಗೂ ಬರೋದಿಲ್ಲ. ವಂಶದ ವಿದ್ಯೆ ತೋರಿಸೋಕೆ ಇದೇ ಸಮಯ. ಈಗ ನಿಂತ್ಕೊಳ್ಳಿ.”